ಎರಡು ಸೈಜು ದೊಡ್ಡ ಶೂ

ಹುಡುಗಿಯರ ಹಾಸ್ಟೆಲ್, ಎರಡನೇ ಮಹಡಿ
ಭಾನುವಾರ, ಸೆಪ್ಟೆಂಬರ್ 14

ಸಂಸ್ಥಾಪಕಿಯೂ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯೂ ಆದ ನನ್ನ ಅಕ್ಕನ ದಿವ್ಯ ಸನ್ನಿಧಿಗೆ,

ನಾನು ಕ್ಷೇಮ. ನೀನು ಕ್ಷೇಮವೆಂದು ನಿನ್ನ ಕಂಪನಿಯ ಪೇಜಿನಿಂದ ದಿನಕ್ಕೆರಡು ಸಲ, ಫೋಟೋ ಸಮೇತ, ತಿಳಿದುಬರುತ್ತಿದೆ.

ಕೈಯಲ್ಲಿ ಫೋನ್ ಇಟ್ಟುಕೊಂಡು ಇವಳೇಕೆ ಕಾಗದ ಬರೆಯುತ್ತಿದ್ದಾಳೆ ಅನ್ನಿಸಬಹುದು. ಶುಕ್ರವಾರದಿಂದ ನಿನಗೆ ಫೋನ್ ಮಾಡುತ್ತಲೇ ಇದ್ದೇನೆ. ಎತ್ತುವವಳು ನಿನ್ನ ಅಸಿಸ್ಟೆಂಟ್. "ಯಾವ ವಿಷಯವಾಗಿ?" ಅಂದಳು. ಅಜ್ಜಿಯ ವಿಷಯ ಅಂದೆ. "ಪ್ರಾಡಕ್ಟ್ ವಿಷಯವಾ, ಪರ್ಸನಲ್ಲಾ?" ಅಂದಳು. ಎರಡೂ ಅಂದೆ. ಪಾಪ, ಅವಳ ಕಂಪ್ಯೂಟರಿನಲ್ಲಿ 'ಎರಡೂ' ಅನ್ನುವುದಕ್ಕೆ ಜಾಗವೇ ಇಲ್ಲವಂತೆ. ಮುಂದಿನ ತಿಂಗಳು ಒಂದು ಸ್ಲಾಟ್ ಕೊಟ್ಟಿದ್ದಾಳೆ. ಮೆಸೇಜ್ ಹಾಕಿದರೆ ನಿನ್ನಿಂದ ಹೆಬ್ಬೆಟ್ಟು ಬರುತ್ತದೆ. 'ಅಕ್ಕ, ಅರ್ಜೆಂಟ್, ಮೆಷೀನಿನಲ್ಲಿ ತಪ್ಪಿದೆ' ಅಂತ ಹಾಕಿದೆ. ಹೆಬ್ಬೆಟ್ಟು. 'ದಯವಿಟ್ಟು ಓದಿ ಉತ್ತರ ಕೊಡು' ಅಂತ ಹಾಕಿದೆ. ಇನ್ನೊಂದು ಹೆಬ್ಬೆಟ್ಟು. ನಮ್ಮ ಮುತ್ತಜ್ಜಿ ಓದು ಬರಹ ಬಾರದೆ ಹೆಬ್ಬೆಟ್ಟು ಒತ್ತುತ್ತಿದ್ದಳಂತೆ. ನೀನು ಇಷ್ಟೆಲ್ಲ ಓದಿ, ಥೀಸಿಸ್ಸನ್ನೂ ಬರೆದು, ಸುತ್ತು ಹಾಕಿಕೊಂಡು ಮತ್ತೆ ಅಲ್ಲಿಗೇ ಬಂದಿದ್ದೀಯ. ಅಭಿನಂದನೆ.

ಕನ್ನಡದಲ್ಲಿ ಯಾಕೆ ಅಂದರೆ, ಇಂಗ್ಲಿಷಿನಲ್ಲಿ ಬರೆಯಲು ಕುಳಿತೆ, ಎರಡನೇ ಸಾಲಿಗೆ ಅದು ನಿನ್ನ ಭಾಷಣದ ಹಾಗೆ ಕೇಳಿಸತೊಡಗಿತು. ಹರಿದು ಹಾಕಿದೆ. ನನ್ನ ಕನ್ನಡ ಹಾಸ್ಟೆಲ್ ಕನ್ನಡ, ಅರ್ಧಕ್ಕರ್ಧ ಕಲಬೆರಕೆ, ಗೊತ್ತು. ಆದರೂ ಬೈಯಲು ಇದೇ ವಾಸಿ.

ನಾಳೆ ನಿನ್ನ ಕಂಪನಿಯ ವ್ಯಾನ್ ಬಂದು ಸ್ಟೇಜಿನ ಮೇಲೆ ಹಾಸಿದ್ದ, ನಡಿಗೆ ಅಳೆಯುವ ಆ ಉದ್ದದ ರಬ್ಬರ್ ಪಟ್ಟಿಯನ್ನು ವಾಪಸ್ ಒಯ್ಯುತ್ತದೆಯಂತೆ. ಈ ಕಾಗದವನ್ನು ಅದರೊಳಗೆ ಸುತ್ತಿ ಇಡುತ್ತೇನೆ. ಆ ಪಟ್ಟಿಯನ್ನು ನೀನು ಬೇರೆ ಯಾರ ಕೈಗೂ ಬಿಚ್ಚಲು ಕೊಡುವವಳಲ್ಲ. ನಿನ್ನಲ್ಲಿ ಉಳಿದಿರುವ ಹಳೇ ಬುದ್ಧಿ ಅದೊಂದೇ.

ಈಗ ಗುರುವಾರದ ನಿನ್ನ ಭಾಷಣಕ್ಕೆ ಬರುತ್ತೇನೆ. 'ಲ್ಯಾಬಿನಿಂದ ಲೀಡರ್‌ಶಿಪ್‌ಗೆ.' ನಮ್ಮ ಕಾಲೇಜಿನ ಆಡಿಟೋರಿಯಂ ಅಷ್ಟು ತುಂಬಿದ್ದನ್ನು ನಾನು ನೋಡಿರಲಿಲ್ಲ. ಬಂದವರಿಗೆ ಅಟೆಂಡೆನ್ಸ್ ಕೊಡುತ್ತೇವೆ ಅಂದಿದ್ದರು, ಅದನ್ನೂ ಹೇಳಿಬಿಡುತ್ತೇನೆ, ಉಬ್ಬಬೇಡ. ನೀನು ಕಿವಿಗೆ ಮೈಕು ಸಿಕ್ಕಿಸಿಕೊಂಡು, ತೋಳು ಮಡಿಸಿದ ಜಾಕೆಟ್ ಹಾಕಿಕೊಂಡು, ಬೋನಿನೊಳಗಿನ ಹುಲಿಯ ಹಾಗೆ ಆ ಕಡೆಯಿಂದ ಈ ಕಡೆಗೆ ಓಡಾಡಿದೆ. ನಡಿಗೆಯ ಬಗ್ಗೆ ಅಷ್ಟು ವರ್ಷ ಓದಿದವಳಿಗೆ ನಿಂತು ಮಾತಾಡಲು ಬರುವುದಿಲ್ಲವೇ ಅಂತ ನನ್ನ ಪಕ್ಕದವಳು ಕೇಳಿದಳು. "ಬೇಗ ಬೀಳಿ, ಬಿದ್ದು ಕಲಿಯಿರಿ" ಅಂದೆ. ಮುದುಕರು ಬೀಳದ ಹಾಗೆ ಮಾಡುವ ಯಂತ್ರ ಮಾರಲು ಬಂದವಳ ಬಾಯಲ್ಲಿ ಆ ಮಾತು! ಚಪ್ಪಾಳೆ ಬಿತ್ತು. ಇಲ್ಲಿ ಯಾವುದಕ್ಕೂ ಬೀಳುತ್ತದೆ.

ಆಮೇಲೆ ಅಜ್ಜಿಯ ಕಥೆ. ದೀಪ ಮಂಕು, ಪರದೆಯ ಮೇಲೆ ಯಾವಳೋ ಪರದೇಶದ ಮುದುಕಿಯ ಕೈ, ಹಿಂದೆ ಪಿಯಾನೋ. "ನಮ್ಮ ಅಜ್ಜಿ ಕತ್ತಲ ಬಾತ್ರೂಮಿನಲ್ಲಿ ಒಬ್ಬಳೇ ಬಿದ್ದಿದ್ದಳು. ಅವಳ ಕೈ ಹಿಡಿದುಕೊಂಡಾಗಲೇ ನಾನು ನಿರ್ಧರಿಸಿದೆ, ಇನ್ನು ನಾಲ್ಕು ಜನ ಓದುವ ಪೇಪರ್ ಬರೆಯುವುದಿಲ್ಲ ಅಂತ." ನನ್ನ ಮುಂದಿನ ಸಾಲಿನ ಹುಡುಗಿ ಮೂಗು ಒರೆಸಿಕೊಂಡಳು. ಅಕ್ಕ, ಅಜ್ಜಿ ಬಿದ್ದದ್ದು ಹಿತ್ತಲಲ್ಲಿ, ಹಾಡಹಗಲು, ಪಕ್ಕದ ಮನೆಯವರ ಜಗಳ ನೋಡಲು ಸ್ಟೂಲ್ ಹತ್ತಿ. ಬಿದ್ದಲ್ಲಿಂದಲೇ ಅಮ್ಮನನ್ನು "ಆಮೇಲೇನಾಯ್ತು, ಬಾಗಿಲು ಹಾಕ್ಕೊಂಡ್ಳಾ?" ಅಂತ ಕೇಳಿದವಳು ಅವಳು. ನೀನು ಆಗ ಯಾವುದೋ ಕಾನ್ಫರೆನ್ಸಿನಲ್ಲಿ ಇದ್ದೆ. ಹಿಡಿದುಕೊಂಡಿದ್ದ ಕೈ ಯಾರದು?

ಇಷ್ಟು ಕೇಳಿಯೂ ಸುಮ್ಮನೆ ಕುಳಿತಿರುತ್ತಿದ್ದೆ. ನಾನು ಎದ್ದು ನಿಲ್ಲುವವಳಲ್ಲ, ನಿನಗೇ ಗೊತ್ತು. ಕ್ಲಾಸಿನಲ್ಲಿ ಅಟೆಂಡೆನ್ಸಿಗೆ 'ಪ್ರೆಸೆಂಟ್' ಅಂದರೂ ನನ್ನ ದನಿ ಮುಂದಿನ ಬೆಂಚಿಗೆ ತಲುಪುವುದಿಲ್ಲ. ಪಟ್ಟಿಯ ಮೇಲೆ ನಡೆಯಲು ಯಾರು ಬರುತ್ತೀರಿ ಅಂತ ನೀನು ಕೇಳಿದಾಗ ಫುಟ್‌ಬಾಲ್ ಟೀಮಿನ ಗೂಳಿ ಮೊದಲು ಹಾರಿಕೊಂಡು ಹೋದ. ಗೂಳಿ ಅಂದರೆ ನಮ್ಮ ಕ್ಯಾಪ್ಟನ್, ಗೋಡೆಗೆ ಡಿಕ್ಕಿ ಹೊಡೆದರೆ ಗೋಡೆಗೆ ಪ್ಲಾಸ್ಟರ್ ಹಾಕಬೇಕು, ಅಂಥವನು. ಪರದೆಯ ಮೇಲೆ ಹಳದಿ ಬಂತು: 'ಬೀಳುವ ಸಾಧ್ಯತೆ ಇದೆ.' ಎಲ್ಲರೂ ನಕ್ಕರು. ನನ್ನ ರೂಮ್‌ಮೇಟ್ ಓಟದಲ್ಲಿ ಮೆಡಲ್ ತಂದವಳು, ಅವಳಿಗೂ ಹಳದಿ. ವಾರ್ಡನ್ ಮೇಡಂಗೆ ಕೆಂಪು. ಅವರ ಮುಖ ಅದಕ್ಕಿಂತ ಕೆಂಪು. "ನೋಡಿದಿರಾ, ನಮಗೆ ಗೊತ್ತಿಲ್ಲದೆಯೇ ನಮ್ಮೊಳಗೆ ಅಪಾಯ ಇರುತ್ತದೆ" ಅಂತ ನೀನು ದನಿ ತಗ್ಗಿಸಿ ಹೇಳಿದೆ. ಜ್ಯೋತಿಷ್ಯ ಹೇಳುವವನೂ ಅಷ್ಟು ಚೆನ್ನಾಗಿ ಹೆದರಿಸುವುದಿಲ್ಲ.

ಆಗ ರೂಮ್‌ಮೇಟ್ ನನ್ನ ಬೆನ್ನಿಗೆ ಗುದ್ದಿದಳು. "ಹೋಗೇ, ನಿಮ್ಮಕ್ಕ ತಾನೇ, ಕಡಿಯಲ್ಲ." ತಳ್ಳಿಯೇಬಿಟ್ಟಳು. ನಾನು ಮೆಟ್ಟಿಲು ಹತ್ತಿ ಬಂದೆ. ನೀನು ನನ್ನನ್ನು ನೋಡಿದೆ. ಒಂದೇ ಒಂದು ಕ್ಷಣ ನಿನ್ನ ಮುಖ ನಮ್ಮನೆಯ ಮುಖ ಆಯಿತು. ಆಮೇಲೆ ಮೈಕಿನಲ್ಲಿ ಕೇಳಿದೆ: "ಅರೆ, ಯಾರಿವರು ಈ ಧೈರ್ಯವಂತೆ?"

ಯಾರಿವರು. ಬಹುವಚನ ಬೇರೆ.

ಯಾಕೆ ಹಾಗೆ ಮಾಡಿದೆ ಅಂತ ನನಗೆ ಅರ್ಥವಾಗುತ್ತದೆ. ತಂಗಿ ಅಂದರೆ ಮೊದಲೇ ಹೇಳಿಕೊಟ್ಟು ಕರೆತಂದ ಹಾಗೆ ಕಾಣುತ್ತದೆ. ಅರ್ಥವಾಗುತ್ತದೆ ಅಂತ ಬರೆದ ಮೇಲೆ ಇನ್ನೂ ಸಿಟ್ಟು ಬರುತ್ತಿದೆ.

ನಾನು ನಡೆದೆ. ಪರದೆಯ ತುಂಬ ಹಸಿರು. ಎಳೆ ಹಸಿರಲ್ಲ, ದಟ್ಟ ಹಸಿರು, ಗೆರೆಯ ಮೇಲೆ ಗೆರೆ ಕೂತ ಹಾಗೆ. "ಇದು ನೋಡಿ, ಆದರ್ಶ ನಡಿಗೆ!" ಅಂದೆ ನೀನು. ಇಡೀ ಹಾಲ್ ಚಪ್ಪಾಳೆ. ನನ್ನ ಹಾಸ್ಟೆಲಿನವರು ಮಾತ್ರ ಬಾಯಿ ತೆರೆದುಕೊಂಡು ಕೂತಿದ್ದರು. ಅವರು ನನ್ನನ್ನು ಏನಂತ ಕರೆಯುತ್ತಾರೆ ಗೊತ್ತಾ? ಸರಬರ. ಹಿಮ್ಮಡಿ ಎಳೆದುಕೊಂಡು ನಡೆಯುತ್ತೇನೆ ಅಂತ. ನಾನು ಕಾರಿಡಾರಿನ ಆ ತುದಿಯಲ್ಲಿದ್ದರೆ ಈ ತುದಿಯ ರೂಮಿನವರು "ಸರಬರ ಬಂತು, ಬಿಸ್ಕತ್ತು ಬಚ್ಚಿಡ್ರೇ" ಅನ್ನುತ್ತಾರೆ. ಗೂಳಿ ಬೀಳುತ್ತಾನೆ, ಮೆಡಲ್ ತಂದವಳು ಬೀಳುತ್ತಾಳೆ, ಸರಬರ ಆದರ್ಶ! ಇದರಲ್ಲಿ ಏನೋ ಎಡವಟ್ಟಿದೆ ಅಂತ ತಿಳಿಯಲು ಥೀಸಿಸ್ ಬೇಕಿಲ್ಲ. ಫಸ್ಟ್ ಇಯರ್ ಸಾಕು.

ನಡೆದವರಿಗೆಲ್ಲ ನೀವು ಉಡುಗೊರೆ ಕೊಟ್ಟಿರಲ್ಲ, ಶೂ ಒಳಗೆ ಹಾಕಿಕೊಳ್ಳುವ ಆ ತೆಳ್ಳನೆಯ ಅಟ್ಟೆ, ಅದನ್ನು ರೂಮಿಗೆ ತಂದು ಫೋನಿಗೆ ಜೋಡಿಸಿಕೊಂಡೆವು. ರೂಮ್‌ಮೇಟ್ ತನ್ನ ಶೂನಲ್ಲಿ ನಡೆದಳು, ಹಳದಿ. ಓಡಿದಳು, ಕೆಂಪು. ಸಿಟ್ಟು ಬಂದು ಕೆಳಗೆ ಹೋಗಿ ವಾಚ್‌ಮನ್‌ನ ಬೂಟು ಹೊತ್ತು ತಂದಳು. ಆ ಬೂಟಿನಲ್ಲಿ ಅವಳ ಎರಡು ಕಾಲೂ ಒಟ್ಟಿಗೆ ಹಿಡಿಸುತ್ತವೆ. ಅಟ್ಟೆ ಅದರೊಳಗೆ ಹಾಕಿ, ಕಳಚಿಹೋಗದಂತೆ ಬೆರಳು ಬಿಗಿಹಿಡಿದು, ಸರಬರ ಸರಬರ ಎಳೆದುಕೊಂಡು ನಡೆದಳು. ಹಸಿರು! ಕಾರಿಡಾರಿನ ಎಲ್ಲ ಬಾಗಿಲೂ ತೆರೆದವು. ಸರದಿ ಹಚ್ಚಿ ನಿಂತು ಎಲ್ಲರೂ ವಾಚ್‌ಮನ್ ಬೂಟು ಹಾಕಿ ನಡೆದರು. ಹಾಕಿದವರೆಲ್ಲ ಹಸಿರು. ಗದ್ದಲ ಕೇಳಿ ವಾರ್ಡನ್ ಮೇಡಂ ಬಂದರು, ಗೋಡೆ ಹಿಡಿದುಕೊಂಡು. ಸ್ಟೇಜಿನಿಂದ ಇಳಿದಾಗಿನಿಂದ ಅವರು ಗೋಡೆ ಬಿಟ್ಟಿರಲಿಲ್ಲ. "ನಂಗೆ ಯಾವಾಗ ಬೇಕಾದ್ರೂ ಬೀಳೋ ಕಾಯಿಲೆ ಇದೆಯಂತೆ ಕಣ್ರೇ, ಮಗನಿಗೆ ಫೋನ್ ಮಾಡಿ ಹೇಳಿದೀನಿ" ಅಂದರು. ಅವರಿಗೂ ಬೂಟು ತೊಡಿಸಿದೆವು. ಹಸಿರು ನೋಡಿ ಮೊದಲು ಕಣ್ಣೊರೆಸಿಕೊಂಡರು, ಆಮೇಲೆ ನಿನ್ನ ಬಗ್ಗೆ ಒಂದು ಮಾತು ಅಂದರು. ಅದನ್ನು ಇಲ್ಲಿ ಬರೆಯುವುದಿಲ್ಲ. ವಾರ್ಡನ್ ಬಾಯಲ್ಲಿ ಆ ಮಾತು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ.

ಆ ರಾಶಿ ನಗುವಿನ ನಡುವೆ ನಾನೊಬ್ಬಳು ನಗುವುದನ್ನು ನಿಲ್ಲಿಸಿದೆ. ಆ ಎಳೆದ ನಡಿಗೆ ಎಲ್ಲಿಂದ ಬಂತು ಅಂತ ನನಗೆ ನೆನಪಾಗಿತ್ತು.

ನಿನಗೂ ನೆನಪಿರಬೇಕು. ಅಮ್ಮನಿಗೆ ಮೇಲಿಂದ ಮೇಲೆ ವರ್ಗ ಆಗುತ್ತಿದ್ದುದರಿಂದ ನನ್ನನ್ನು ಇದೇ ಊರಿನ ಶಾಲೆಯ ಹಾಸ್ಟೆಲಿಗೆ ಹಾಕಿದ್ದರು. ನೀನು ಆಗಷ್ಟೇ ರಿಸರ್ಚಿಗೆ ಸೇರಿದ್ದೆ. ಭಾನುವಾರ ಬೇರೆ ಮಕ್ಕಳನ್ನು ಅಪ್ಪ ಅಮ್ಮ ಬಂದು ಪಾರ್ಕಿಗೆ ಕರೆದೊಯ್ಯುತ್ತಿದ್ದರು. ನನ್ನನ್ನು ನೀನು ಬಂದು ಲ್ಯಾಬಿಗೆ ಕರೆದೊಯ್ಯುತ್ತಿದ್ದೆ. ಡಿಪಾರ್ಟ್‌ಮೆಂಟಿನ ಖಾಲಿ ಕಾರಿಡಾರು, ಕಲ್ಲಿನ ನೆಲ, ಅದರ ಮೇಲೆ ಈ ಪಟ್ಟಿ. ವಾರದ ಕೆಲಸ ಶುರು ಮಾಡುವ ಮೊದಲು ಪಟ್ಟಿಗೆ 'ಸೊನ್ನೆ ಹಾಕಬೇಕು' ಅನ್ನುತ್ತಿದ್ದೆ. ಯಾವಾಗಲೂ ಒಬ್ಬರೇ ಅದರ ಮೇಲೆ ನಡೆಯಬೇಕು, ಉಳಿದವರ ನಡಿಗೆಯನ್ನೆಲ್ಲ ಆ ನಡಿಗೆಗೆ ಹೋಲಿಸಿ ಅಳೆಯಬೇಕು. ಭಾನುವಾರ ಸಿಗುತ್ತಿದ್ದವಳು ನಾನೊಬ್ಬಳೇ. ನಡೆದು ಮುಗಿಸಿದರೆ ಚಾಕಲೇಟು. ಅದು ಬರಿಗಾಲಲ್ಲಿ ಆಗಬೇಕಾದ ಕೆಲಸ ಅಂತ ನನಗೆ ಗೊತ್ತಿರಲಿಲ್ಲ. ಪಟ್ಟಿ ಕೊಳೆಯಾದೀತೆಂದು ನಾನು ಶೂ ಬಿಚ್ಚಲು ಹೋದರೆ "ಬೇಡ ಪುಟ್ಟಿ, ನೆಲ ಐಸ್ ಇದ್ದ ಹಾಗಿದೆ, ಆಮೇಲೆ ಕೆಮ್ತೀಯ" ಅಂತ ನೀನೇ ಲೇಸು ಕಟ್ಟುತ್ತಿದ್ದೆ. ಆ ಶೂ ನಿನ್ನ ಮೊದಲ ಸ್ಕಾಲರ್‌ಶಿಪ್ಪಿನಲ್ಲಿ ಕೊಡಿಸಿದ್ದು. ಎರಡು ಸೈಜು ದೊಡ್ಡದು. "ಬೆಳೀತೀಯಲ್ಲ" ಅಂದಿದ್ದೆ. ಬೆಳೆದೆ. ಹಿಡಿಸುವ ಹೊತ್ತಿಗೆ ಹಳೆಯದಾಯಿತು ಅಂತ ಇನ್ನೊಂದು ಜೊತೆ ತಂದೆ, ಅದೂ ಎರಡು ಸೈಜು ದೊಡ್ಡದು. ಶಾಲೆ ಮುಗಿಯುವವರೆಗೂ ನಾನು ಮುಂದಿನ ವರ್ಷದ ಶೂನಲ್ಲೇ ನಡೆದೆ. ಮೊನ್ನೆ ಸ್ಟೇಜಿನಲ್ಲಿ ನಿನ್ನ ಹುದ್ದೆಯ ಉದ್ದ ಹೆಸರು ಓದುವಾಗ ನನಗೆ ಆ ಶೂ ಕಣ್ಣ ಮುಂದೆ ಬಂತು. ನೀನೂ ಬೆರಳು ಬಿಗಿಹಿಡಿದುಕೊಂಡೇ ನಡೆಯುತ್ತಿದ್ದೀಯ ಅಂತ ಕಾಣುತ್ತದೆ.

ಶುಕ್ರವಾರ ಬೆಳಿಗ್ಗೆ ನಿನ್ನ ಗೈಡ್ ಸರ್ ಹತ್ತಿರ ಹೋದೆ. ಅವರು ಈಗ ನನಗೂ ಪಾಠ ಮಾಡುತ್ತಾರೆ. ಅವರ ಕೋಣೆಯ ಬಾಗಿಲಲ್ಲಿ ನಿಂತು ಬಡಿಯಲೋ ಬೇಡವೋ ಅಂತ ಒದ್ದಾಡುತ್ತಿದ್ದೆ, ಅವರೇ ಒಳಗಿಂದ "ಬಾಮ್ಮ, ಕಾಲು ಎಳೆಯೋ ಸದ್ದಿಂದ್ಲೇ ಗೊತ್ತಾಯ್ತು" ಅಂದರು. ಹೇಳಿದೆ. ಪೂರ್ತಿ ಕೇಳಿ, ಚಹಾ ಮುಗಿಸಿ, ಲೋಟ ಕೆಳಗಿಟ್ಟು, "ಹೌದು, ಗೊತ್ತು" ಅಂದರು.

ಗೊತ್ತು! ನಿಮ್ಮ ಕಂಪನಿ ಮೊದಲ ಸಲ ನ್ಯೂಸ್‌ಪೇಪರಿನಲ್ಲಿ ಬಂದಾಗಲೇ ಅವರಿಗೆ ಅನುಮಾನ ಬಂದಿತ್ತಂತೆ. "ಥೀಸಿಸ್ಸಲ್ಲಿ ಅದು ತಪ್ಪಲ್ಲಮ್ಮ. ಅಲ್ಲಿ ನಿಮ್ಮಕ್ಕ ಒಬ್ಬೊಬ್ಬರನ್ನ ಅವರ ಹಳೇ ನಡಿಗೆ ಜೊತೆನೇ ಹೋಲಿಸಿದ್ಲು. ಸೊನ್ನೆ ಎಲ್ಲಿದ್ರೂ ನಡೆಯುತ್ತೆ. ಹೊರಗೆ ತಗೊಂಡ್ಹೋಗಿ ಆ ಸೊನ್ನೆನೇ ಆರೋಗ್ಯ ಅಂತ ಮಾರಿದಾಗ ತಪ್ಪಾಯ್ತು." ಎತ್ತರಕ್ಕೆ ತಕ್ಕಂತೆ ಹಿಗ್ಗಿಸಿ ನನ್ನ ಬಾಲ್ಯದ ನಡಿಗೆಯನ್ನು ಊರಿಗೆಲ್ಲ ತೊಡಿಸಿದ್ದೀರಿ, ಅಷ್ಟೇ. ಹೊಸ ಸೊನ್ನೆ ಹಾಕಿಕೊಳ್ಳಿ ಅಂತ ಅವರು ನಿನ್ನ ಪಾಲುದಾರನಿಗೆ, ಆ ತಲೆಗನ್ನಡಕನಿಗೆ (ಅವನ ಕನ್ನಡಕ ಕಣ್ಣಿನ ಮೇಲಿದ್ದದ್ದನ್ನು ಯಾರಾದರೂ ನೋಡಿದ್ದೀರಾ?) ಸೂಚ್ಯವಾಗಿ ಹೇಳಿದ್ದರಂತೆ. "ಟೈಮ್ ಇಲ್ಲ ಸರ್, ಮಾರ್ಕೆಟ್ ಕಾಯಲ್ಲ" ಅಂದನಂತೆ.

ಅಕ್ಕನಿಗೇ ನೇರ ಹೇಳಬಹುದಿತ್ತಲ್ಲ ಸರ್ ಅಂದೆ. ಅವರ ಮುಖದಲ್ಲಿ ಸಂತೋಷ ಮೂಡಿತು. "ಅದರ ಮೇಲೇ ಒಂದು ಪೇಪರ್ ಬರೀತಿದ್ದೀನಿ. ಮುಂದಿನ ವರ್ಷ ಬರುತ್ತೆ."

ಅಕ್ಕ, ನಿನ್ನನ್ನು ಬಿಟ್ಟು ಇನ್ನೊಬ್ಬರ ಮೇಲೆ ನನಗೆ ಇಷ್ಟು ತಾತ್ಸಾರ ಹುಟ್ಟಿದ್ದು ಅದೇ ಮೊದಲು. ನಿನಗೆ ಗೊತ್ತಿಲ್ಲದೆ ಮಾರುತ್ತಿದ್ದೀಯ. ಇವರು ಗೊತ್ತಿದ್ದೂ ಅಡಿಟಿಪ್ಪಣಿ ಹಾಕುತ್ತಿದ್ದಾರೆ. ನೀನು ಆ ಕೋಣೆ ಬಿಟ್ಟು ಯಾಕೆ ಓಡಿದೆ ಅಂತ ನನಗೆ ಅವತ್ತು ಸ್ವಲ್ಪ ತಿಳಿಯಿತು. ಓಡಿ ತಲುಪಿದ ಜಾಗ ನೋಡಿದರೆ ಅಯ್ಯೋ ಅನ್ನಿಸುತ್ತದೆ, ಅದು ಬೇರೆ ಮಾತು.

ಇದು ವಾರ್ಡನ್ ಮೇಡಂ ಗೋಡೆ ಹಿಡಿಯುವಷ್ಟಕ್ಕೇ ಮುಗಿದಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಸರ್ ಇನ್ನೊಂದು ಮಾತು ಹೇಳಿದರು, ಕಿಟಕಿ ಕಡೆ ನೋಡುತ್ತಾ, ಪಾಠ ಮಾಡುವ ದನಿಯಲ್ಲೇ. ವಯಸ್ಸಾದವರು ಬೀಳುವ ಮುಂಚೆ ಮಾಡುವುದು ಅದನ್ನೇ ಅಂತೆ: ಕಾಲೆತ್ತಲು ಹೆದರಿ ಹಿಮ್ಮಡಿ ಎಳೆಯುತ್ತಾರೆ. ಅಂದರೆ ಗಟ್ಟಿಯಾಗಿ ಕಾಲೆತ್ತಿ ನಡೆಯುವವರಿಗೆ ನಿನ್ನ ಮೆಷೀನು ಕೆಂಪು ತೋರಿಸುತ್ತದೆ. ಇನ್ನೇನು ಬೀಳುವವರಿಗೆ ಹಸಿರು.

ಅಜ್ಜಿಗೆ ಹಸಿರು.

ಹೋದ ತಿಂಗಳು ನೀನೇ ಮನೆಗೆ ಹೋಗಿ ಅವಳು ಮನೆಯೊಳಗೆ ಹಾಕಿಕೊಳ್ಳುವ ಶೂಗೆ ಮೊದಲ ಜೊತೆ ಅಟ್ಟೆ ಹಾಕಿಕೊಟ್ಟೆ. ದಿನವೂ ಹಸಿರು ನೋಡಿ ನೋಡಿ ಅಜ್ಜಿ ಕೋಲನ್ನು ಬೀರುವಿನ ಮೇಲೆ ಎಸೆದಿದ್ದಾಳೆ. ಬೀರುವಿನ ಮೇಲಿನ ಕೋಲಿನ ಫೋಟೋ ತೆಗೆದು, ಮೇಲೆ 'ಸ್ವಾತಂತ್ರ್ಯ' ಅಂತ ಬರೆದು ಕಂಪನಿಯ ಪೇಜಿಗೆ ಹಾಕಿದವಳು ನೀನು. ನಾನೂ ಅದಕ್ಕೆ ಹೃದಯ ಒತ್ತಿದ್ದೆ.

ಅಮ್ಮನಿಗೆ ಫೋನ್ ಮಾಡಿದೆ. "ನಿಮ್ಮಕ್ಕಂಗೆ ಗೊತ್ತಿಲ್ದೇ ಇರೋದು ನಿಂಗೆ ಗೊತ್ತಾ? ಮಂಗಳವಾರ ಟೆಸ್ಟ್ ಇದೆ ಅಂದ್ಯಲ್ಲ, ಓದ್ಕೋ ಹೋಗು." ಫೋನ್ ಅಜ್ಜಿಗೆ ಕೊಡು ಅಂದೆ. "ಅಜ್ಜಿ, ಕೋಲು ಹಿಡ್ಕೊಂಡೇ ಓಡಾಡು, ಆ ಮೆಷೀನು ಸರಿಯಿಲ್ಲ." ಅವಳು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ: "ನಿಮ್ಮಕ್ಕ ಇಷ್ಟು ದೊಡ್ಡ ಆಫೀಸರ್ ಆಗಿ ಹಸಿರು ಅಂತಾಳೆ. ನೀನಿನ್ನೂ ಫಸ್ಟ್ ಇಯರು. ಪಾಸಾಗು, ಆಮೇಲೆ ನನ್ನ ಕಾಲಿನ ವಿಷಯ ಮಾತಾಡೋಣ." ಮಾತಾಡುತ್ತಲೇ ಅಡುಗೆಮನೆಗೆ ಹೋದಳು. ಫೋನಿನಲ್ಲಿ ಅವಳ ಹೆಜ್ಜೆ ಕೇಳಿಸುತ್ತಿತ್ತು. ಸರಬರ, ಸರಬರ. ನನ್ನದೇ ನಡಿಗೆ. ನನಗೆ ಬಿದ್ದರೆ ಮಂಡಿ ತರಚುತ್ತದೆ. ಅವಳಿಗೆ?

ಬುಧವಾರ ಹಿರಿಯರ ವಸತಿಗೃಹದವರ ಜೊತೆ ನಿನ್ನ ಒಪ್ಪಂದ. ಸ್ಟೇಜಿನಿಂದಲೇ ಹೇಳಿದೆಯಲ್ಲ, ಅವರ ಎಲ್ಲ ಮನೆಗಳಿಗೂ ಅಟ್ಟೆ ಹೋಗುತ್ತದೆ, ಹಸಿರು ಬಂದವರಿಗೆ ಇನ್ನು ಜೊತೆಗೊಬ್ಬರು ಆಯಾ ಬೇಕಿಲ್ಲ ಅಂತ. ಎಷ್ಟು ಉಳಿತಾಯ ಅಂತ ಸ್ಲೈಡ್ ಬೇರೆ. ಅಲ್ಲಿ ಕೋಲು ಬಿಟ್ಟು ಎದ್ದು ನಿಲ್ಲುವವರು ಯಾರದೋ ಅಜ್ಜಿಯರು.

ನಿನ್ನೆ ಒಂದು ಕೆಲಸ ಮಾಡಿದೆ. ಸರ್ ಹತ್ತಿರ ಕಾರಿಡಾರಿನ ಬೀಗದ ಕೈ ಕೇಳಿ ತೆಗೆದುಕೊಂಡೆ. ಈ ಸಲ ಬಾಗಿಲನ್ನು ನಾನೇ ಬಡಿದೆ. ಪಟ್ಟಿಯೂ ಇಲ್ಲೇ ಇತ್ತಲ್ಲ, ಹಾಸಿದೆವು. ನಮ್ಮ ಮಹಡಿಯ ಹುಡುಗಿಯರೆಲ್ಲ, ಗೂಳಿಯ ಟೀಮು, ಆಫೀಸಿನ ಗುಮಾಸ್ತರು, ವಾರ್ಡನ್ ಮೇಡಂ, ಅವರ ಯಜಮಾನರು, ಒಬ್ಬರಾದ ಮೇಲೆ ಒಬ್ಬರು ಬರಿಗಾಲಲ್ಲಿ ನಡೆದರು. ಗೂಳಿ "ಅಯ್ಯಯ್ಯೋ ತಣ್ಣಗಿದೆ" ಅಂತ ಕುಣಿದುಬಿಟ್ಟ, ಅವನದು ಎರಡನೇ ಸಲ ತೆಗೆಯಬೇಕಾಯಿತು. ಒಬ್ಬರ ಸೊನ್ನೆ ಅಲ್ಲ, ಎಲ್ಲರದೂ ಸೇರಿದ ಸೊನ್ನೆ. ಸರ್ ಕೊನೆಗೆ ಕುರ್ಚಿ ಬಿಟ್ಟು ಎದ್ದು ಬಂದು ತಾವೇ ಕಂಪ್ಯೂಟರ್ ಹಿಡಿದರು; ಪೇಪರ್ ಹಾಳಾಯಿತಲ್ಲ ಅನ್ನುವ ಬೇಸರ ಮುಖದಲ್ಲಿ ಇದ್ದೇ ಇತ್ತು.

ಕೊನೆಯಲ್ಲಿ ನನ್ನನ್ನೂ ನಡೆಸಿದರು. ಶೂ ಇಲ್ಲದೆ ಆ ನೆಲದ ಮೇಲೆ ನಾನು ನಡೆದದ್ದು ಅದೇ ಮೊದಲ ಸಲ. ಸರ್ ಪರದೆಯನ್ನು ನನ್ನ ಕಡೆ ತಿರುಗಿಸಿದರು. ನಾನೇ ನೋಡಿದೆ. ಕಾಲ್ಬೆರಳು ಒತ್ತಿದ ಗುರುತುಗಳೆಲ್ಲ ಕಡುಕಪ್ಪು. ಇಲ್ಲದ ಶೂ ಕಳಚಿಹೋಗದಂತೆ ನನ್ನ ಬೆರಳು ಇನ್ನೂ ಬಿಗಿಹಿಡಿದುಕೊಂಡೇ ಇದೆ. ನನ್ನದನ್ನು ಆ ಸೊನ್ನೆಗೆ ಸೇರಿಸಬೇಡಿ ಅಂದೆ.

ಈ ಹೊಸ ಸೊನ್ನೆ ಸರ್ ಕಂಪ್ಯೂಟರಿನಲ್ಲಿ ಇದೆ. ಮೇಲ್ ಮಾಡುವುದಿಲ್ಲ. ಬಂದು ತೆಗೆದುಕೊಂಡು ಹೋಗು. ತಲೆಗನ್ನಡಕನನ್ನು ಕಳಿಸಬೇಡ, ಮಾರ್ಕೆಟ್ ಕಾಯದಿದ್ದರೆ ಅವನೇ ಹೋಗಿ ಕಾಯಲಿ. ಬುಧವಾರದ ಸಹಿ ಮುಂದಕ್ಕೆ ಹಾಕು. ಅದಕ್ಕಿಂತ ಮೊದಲು ಅಜ್ಜಿಗೆ ನೀನೇ ಫೋನ್ ಮಾಡಿ, ನಿನ್ನ ಬಾಯಲ್ಲೇ, ಮೆಷೀನು ತಪ್ಪು ಅಂತ ಹೇಳು. ಅವಳು ನಿಜವನ್ನು ನಂಬುವವಳಲ್ಲ, ಹುದ್ದೆಯನ್ನು ನಂಬುವವಳು.

ಇಷ್ಟು ಮಾಡದಿದ್ದರೆ ಬುಧವಾರ ನಾನೇ ಅಲ್ಲಿಗೆ ಬರುತ್ತೇನೆ. ಗೂಳಿ, ವಾರ್ಡನ್ ಮೇಡಂ, ವಾಚ್‌ಮನ್ ಬೂಟು, ಎಲ್ಲದರ ಸಮೇತ. "ಯಾರಿವರು ಈ ಧೈರ್ಯವಂತೆ" ಅಂತ ಆಗ ಕೇಳು, ಮೈಕಿನಲ್ಲೇ ಹೇಳುತ್ತೇನೆ. ಹೆದರಿಕೆಯಂತೂ ಇದೆ, ಆದರೂ ಬರುತ್ತೇನೆ.

ಇನ್ನೊಂದು ಮಾತು. ಗುರುವಾರ ಎಲ್ಲ ಮುಗಿದು ಹಾಲ್ ಖಾಲಿಯಾದ ಮೇಲೆ ನಾನು ಹಿಂದಿನ ಬಾಗಿಲಲ್ಲಿ ನಿಂತಿದ್ದೆ. ನೀನು ಜಾಕೆಟ್ ಕಳಚಿ ಕುರ್ಚಿಗೆ ಹಾಕಿ, ನೆಲದ ಮೇಲೆ ಮಂಡಿಯೂರಿ, ಪಟ್ಟಿಯನ್ನು ಸುಕ್ಕಾಗದಂತೆ ಅಂಗೈಯಲ್ಲಿ ಸವರುತ್ತಾ ಸುತ್ತುತ್ತಿದ್ದೆ. ಯಾರೋ ಸಹಾಯಕ್ಕೆ ಬಂದರೆ "ಬೇಡ ಬೇಡ, ನಾನೇ" ಅಂದೆ. ಆ ಒಬ್ಬಳಿಗೆ ಈ ಕಾಗದ. ಇನ್ನೊಬ್ಬಳ ಅಪಾಯಿಂಟ್‌ಮೆಂಟ್ ನನಗೆ ಮುಂದಿನ ತಿಂಗಳಿದೆ, ರದ್ದು ಮಾಡಿಸು.

ಇತಿ,
ಸ್ಟೇಜಿನ ಮೇಲೆ ನಿನಗೆ ಪರಿಚಯವಿಲ್ಲದ
ಪುಟ್ಟಿ

ತಾ.ಕ.: ಸೋಮವಾರ ಬೆಳಿಗ್ಗೆ. ವ್ಯಾನ್ ಇನ್ನೂ ಬಂದಿಲ್ಲ, ಅಷ್ಟರಲ್ಲಿ ಇದನ್ನೂ ಬರೆದುಬಿಡುತ್ತೇನೆ. ನೀನು ಓದುವವರೆಗೆ ಕಾಯಲು ಧೈರ್ಯ ಸಾಲದೆ ಈಗಷ್ಟೇ ಅಜ್ಜಿಗೆ ಮತ್ತೆ ಫೋನ್ ಮಾಡಿದೆ. ಮೊದಲು ನಿಜ ಹೇಳಿದೆ. ಸೊನ್ನೆ ಅಂದರೇನು, ಹಿಮ್ಮಡಿ ಎಳೆಯುವುದು ಅಂದರೇನು, ಎಲ್ಲ ಬಿಡಿಸಿ ಹೇಳಿದೆ. "ಆಯ್ತಾ? ಸ್ನಾನಕ್ಕೆ ನೀರು ಕಾದಿದೆ, ಇಡ್ಲಾ?" ಅಂದಳು. ಆಮೇಲೆ ಅದು ಎಲ್ಲಿಂದ ಬಂತೋ ಗೊತ್ತಿಲ್ಲ. ನಾನು ಮಂಚದಿಂದ ಎದ್ದು ನಿಂತೆ, ರೂಮಿನಲ್ಲಿ ಆ ಕಡೆಯಿಂದ ಈ ಕಡೆಗೆ ಓಡಾಡಿದೆ, ದನಿ ತಗ್ಗಿಸಿದೆ. "ಅಜ್ಜಿ, ಇದನ್ನ ಯಾರಿಗೂ ಹೇಳ್ಬೇಡ. ಹಸಿರು ಯಾರ್ ಬೇಕಾದ್ರೂ ತರ್ತಾರೆ, ಅಕ್ಕನ ಕಂಪನಿಗೆ ಈಗ ಕೆಂಪು ತರೋರು ಬೇಕಾಗಿದ್ದಾರೆ. ಎಷ್ಟ್ ಹುಡುಕಿದ್ರೂ ಸಿಕ್ತಿಲ್ಲ. ಕೋಲು ಹಿಡ್ಕೊಂಡು, ಕಾಲು ಪೂರ್ತಿ ಎತ್ತಿ ಎತ್ತಿ ನಡೆದ್ರೇನೇ ಬರೋದು. ಎಲ್ರ ಕೈಲೂ ಆಗಲ್ಲ. ಅಕ್ಕ ನಿನ್ನ ಹೆಸರೇ ಹೇಳಿದ್ಲು." ಅವಳು ಫೋನನ್ನು ಎಲ್ಲೋ ಕೆಳಗಿಟ್ಟಳು. ಆಮೇಲೆ ಏನನ್ನೋ ಎಳೆದ ಸದ್ದು, ಹಿಂದೆಯೇ ಅಮ್ಮನ ಕೂಗು: "ಅತ್ತೆ, ಸ್ಟೂಲ್ ಹತ್ಬೇಡಿ, ಕೋಲು ನಾನೇ ತೆಗೆದುಕೊಡ್ತೀನಿ!"

ರೂಮ್‌ಮೇಟ್ ಚಪ್ಪಾಳೆ ತಟ್ಟಿದಳು. ನನಗೆ ನಾಚಿಕೆಯಾದದ್ದು ಸುಳ್ಳು ಹೇಳಿದ್ದಕ್ಕಲ್ಲ. ಅದು ಅಷ್ಟು ಚೆನ್ನಾಗಿ ಬಂತಲ್ಲ, ಅದಕ್ಕೆ.

ಈಗ ಮತ್ತೆ ಫೋನ್ ಬಂದಿತ್ತು. ಅಡುಗೆಮನೆಯಿಂದ ಬಾಗಿಲವರೆಗೆ ಪೂರ್ತಿ ಕೆಂಪಂತೆ. ಬಹಳ ಖುಷಿಯಲ್ಲಿದ್ದಾಳೆ. ಸಂಬಳ ಎಷ್ಟು ಅಂತ ಕೇಳಿದಳು. ಅದು ಮಾತ್ರ ನನಗೆ ಗೊತ್ತಿಲ್ಲ, ಅಕ್ಕ ಬುಧವಾರದೊಳಗೆ ತಾನೇ ಫೋನ್ ಮಾಡಿ ಹೇಳುತ್ತಾಳೆ ಅಂದಿದ್ದೇನೆ.